ಶಿವನಸಮುದ್ರ: ಕೋಲಾರಕ್ಕೆ ಎರಡು ಸಲ ಕಾವೇರಿಯನ್ನು ಕಳಿಸಿದ ಊರು



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಇವೆಲ್ಲ ಮಳೆ ಬಂದಾಗ ಹರಿದು, ಮಳೆ ನಿಂತ ಮೇಲೆ ಬರೀ ಮರಳಾಗಿ ಉಳಿಯುತ್ತವೆ. ನಮ್ಮ ಹಿರಿಯರು ಕೆರೆ ಕಟ್ಟಿ ಬದುಕಿದರು. ನಾವು ಕೊಳವೆ ಬಾವಿ ಕೊರೆಸಿ ಬದುಕುತ್ತಿದ್ದೇವೆ.

ಆದರೂ ಕಾವೇರಿ ನಮ್ಮ ಜಿಲ್ಲೆಗೆ ಎರಡು ಸಲ ಬಂದಿದ್ದಾಳೆ. 1902ರಲ್ಲಿ ತಂತಿಯ ಮೇಲೆ ವಿದ್ಯುತ್ತಾಗಿ ಬಂದಳು. 2018ರಲ್ಲಿ ಬೆಂಗಳೂರು ಬಳಸಿ ಬಿಟ್ಟ ನೀರಾಗಿ ಕೊಳವೆಯಲ್ಲಿ ಬಂದಳು. ಎರಡು ಸಲವೂ ಆಕೆ ಹೊಳೆಯನ್ನು ಬಿಟ್ಟು ಹೊರಟದ್ದು ಶಿವನಸಮುದ್ರದ ಆಸುಪಾಸಿನಿಂದಲೇ. ಈ ಹೊಳೆದಂಡೆಯ ಊರಿನ ಭೂಗೋಳ ಮತ್ತು ಚರಿತ್ರೆಯನ್ನು ನಾವು ಈ ಪಾಠದಲ್ಲಿ ನೋಡೋಣ. ಅದರಿಂದ ನಮ್ಮ ತೋಟಗಳಿಗೆ ತಿಳಿಯಬೇಕಾದದ್ದು ಬಹಳವಿದೆ.

ಊರಿನ ನೆಲೆ

ಕೊಡಗಿನಲ್ಲಿ ಹುಟ್ಟುವ ಕಾವೇರಿ, ಅಲ್ಲಿಯ ಮತ್ತು ಹಾಸನ ಸೀಮೆಯ ಕಾಫಿ ತೋಟಗಳ ಮೇಲೆ ಬಿದ್ದ ಮಳೆಯನ್ನು ಹೊತ್ತುಕೊಂಡು ಮೈಸೂರಿನ ಬಯಲಿಗೆ ಇಳಿಯುತ್ತಾಳೆ. ಶಿವನಸಮುದ್ರದ ಬಳಿ ಹೊಳೆ ಎರಡು ಕವಲಾಗಿ ನಡುವೆ ಒಂದು ನಡುಗಡ್ಡೆಯನ್ನು ಬಿಡುತ್ತದೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿಯೂ ಪೂರ್ವದ ಕವಲು ಭರಚುಕ್ಕಿಯಾಗಿಯೂ ಬಂಡೆಗಳ ಮೇಲಿಂದ ಧುಮುಕಿ ಮತ್ತೆ ಒಂದಾಗುತ್ತವೆ. ಎಡದಂಡೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೂ ಆಚೆಯ ದಂಡೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲದ ಸೀಮೆಗೂ ಸೇರಿದೆ.

ನಡುಗಡ್ಡೆಯಲ್ಲಿ ಹಿಂದೆ ಕೋಟೆಯಿದ್ದ ಪಟ್ಟಣವಿತ್ತು. ರಂಗನಾಥನ ಗುಡಿ, ಸೋಮೇಶ್ವರನ ಗುಡಿ ಈಗಲೂ ಇವೆ. ಕಾಲಾನಂತರ ಪಟ್ಟಣ ಹಾಳುಬಿದ್ದು ಜ್ವರದ ಸೀಮೆಯೆಂದು ಹೆಸರಾಯಿತು. 19ನೇ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ಕಲ್ಲುಕಂಬಗಳ ಹಳೆಯ ಸೇತುವೆಗಳನ್ನು ಸರಿಪಡಿಸಿ ಯಾತ್ರಿಕರಿಗೆ ಅನುಕೂಲ ಮಾಡಿದರು. ಅಂದಿಗೆ ಇದು ದೇವರ ಊರು. ಕಾರ್ಖಾನೆಯ ಊರಾಗುವುದು ಇನ್ನೂ ಮುಂದಿತ್ತು.

ಗಣಿಗೆ ಶಕ್ತಿಯ ಹಸಿವು

ಆ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಬೇರೊಂದು ಕಥೆ ನಡೆದಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆ ಕೋಲಾರದ ಚಿನ್ನದ ಗಣಿಗಳಿಗೆ ಕೈ ಹಾಕಿತು. ಗಣಿ ಆಳಕ್ಕೆ ಹೋದಂತೆಲ್ಲ ನೀರು ಎತ್ತಬೇಕು, ಅದಿರು ಎತ್ತಬೇಕು, ಕಲ್ಲು ಅರೆಯಬೇಕು. ಎಲ್ಲವೂ ಉಗಿಯಂತ್ರದಿಂದ. ಉಗಿಗೆ ಸೌದೆ ಅಥವಾ ಕಲ್ಲಿದ್ದಲು ಬೇಕು. ಕಲ್ಲಿದ್ದಲು ದೂರದಿಂದ ಬರಬೇಕು. ಸೌದೆ ಸುತ್ತಲ ಗುಡ್ಡಗಳಿಂದ ಬರಬೇಕು. ಎರಡೂ ದುಬಾರಿಯಾದವು.

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಸಂಸ್ಥಾನದ ಇಂಜಿನಿಯರ್ ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯರ್ ಒಂದು ಯೋಜನೆ ಮುಂದಿಟ್ಟರು: ಶಿವನಸಮುದ್ರದಲ್ಲಿ ಬೀಳುವ ನೀರಿನಿಂದ ವಿದ್ಯುತ್ ತೆಗೆದು, 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರದ ಗಣಿಗೆ ತಂತಿಯಲ್ಲಿ ಕಳಿಸುವುದು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ ಉದಾಹರಣೆಗಳು ಆಗ ಜಗತ್ತಿನಲ್ಲೇ ವಿರಳ.

ಲೈನಿನ ಕೊನೆಯ ಪಂಪ್‌ಸೆಟ್ಟಿಗೆ ವೋಲ್ಟೇಜ್ ಬೀಳುವುದು ನಮಗೆಲ್ಲ ಗೊತ್ತು. ದೂರ ಹೆಚ್ಚಿದಷ್ಟೂ ತಂತಿಯಲ್ಲೇ ಸೋರುವ ಶಕ್ತಿ ಹೆಚ್ಚು. ಇದಕ್ಕೆ ಉಪಾಯವೆಂದರೆ ಒತ್ತಡವನ್ನು ಬಹಳ ಏರಿಸಿ ಕಳಿಸುವುದು, ತಲುಪಿದ ಕಡೆ ಇಳಿಸಿಕೊಳ್ಳುವುದು. ಅದರಂತೆ ಸುಮಾರು 35,000 ವೋಲ್ಟಿನಲ್ಲಿ ಕಳಿಸಲು ನಿಶ್ಚಯವಾಯಿತು.

ಸ್ವಿಟ್ಜರ್ಲೆಂಡಿನ ಚಕ್ರ

ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ನೀರಿನಿಂದ ತಿರುಗುವ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಎಷರ್ ವಿಸ್ ಕಂಪನಿಯಿಂದ ಬಂದವು. ಸ್ವಿಟ್ಜರ್ಲೆಂಡ್ ಬೆಟ್ಟಗಳ ದೇಶ. ಅಲ್ಲಿ ಕಲ್ಲಿದ್ದಲು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅಲ್ಲಿಯ ಜನ ಹೊಳೆಯ ಪಕ್ಕದಲ್ಲಿ ಕಾಲುವೆ ತೆಗೆದು, ನೀರಿನ ಚಕ್ರದಿಂದ ಹತ್ತಿ ನೂಲುವ ಗಿರಣಿಗಳನ್ನು ನಡೆಸಿದರು. ಗಿರಣಿಯ ಸುತ್ತ ಕೆಲಸಗಾರರ ಮನೆಗಳೆದ್ದು ಹಳ್ಳಿಗಳೇ ಕಾರ್ಖಾನೆಗಳಾದವು. ಎಷರ್ ವಿಸ್ ಕೂಡ 1805ರಲ್ಲಿ ನೂಲಿನ ಗಿರಣಿಯಾಗಿ ಹುಟ್ಟಿ, ತನ್ನ ಯಂತ್ರಗಳನ್ನು ತಾನೇ ಮಾಡಲು ಹೋಗಿ ಯಂತ್ರ ಕಂಪನಿಯಾಯಿತು.

ಆ ದೇಶದ ಹೊಳೆದಂಡೆಯ ವಿದ್ಯೆ ನಮ್ಮ ಹೊಳೆದಂಡೆಗೆ ಬಂದದ್ದು ಹೀಗೆ. ನಡುಗಡ್ಡೆಯ ಮೇಲ್ಭಾಗದಲ್ಲಿ ತಡೆಗಟ್ಟೆ ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದರು. ಕಾಲುವೆಯ ಕೊನೆಯಲ್ಲಿ ಒಂದು ಕೊಳ. ಅಲ್ಲಿಂದ ಉಕ್ಕಿನ ದಪ್ಪ ಕೊಳವೆಗಳಲ್ಲಿ ನೀರು ಕಡಿದಾದ ಕಣಿವೆಗೆ ಇಳಿದು ಟರ್ಬೈನನ್ನು ತಿರುಗಿಸಿ ಮತ್ತೆ ಹೊಳೆಗೆ ಸೇರುತ್ತದೆ. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ನೀರು ಖರ್ಚಾಗುವುದಿಲ್ಲ. ನೀರಿನ ಬೀಳು ಮಾತ್ರ ಖರ್ಚಾಗುತ್ತದೆ.

1902ರ ಜೂನ್ 30ರಂದು ಗಣಿಗೆ ವಿದ್ಯುತ್ ಮುಟ್ಟಿತು. ಇದನ್ನು ಏಷ್ಯಾದಲ್ಲೇ ಮೊದಲನೆಯ ಜಲವಿದ್ಯುತ್ ಎಂದು ಹೇಳುವ ರೂಢಿಯಿದೆ. ಡಾರ್ಜಿಲಿಂಗಿನ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ಒಂದು ಸಣ್ಣ ಕೇಂದ್ರ ಆರಂಭವಾಗಿತ್ತು. ಆದರೆ ಒಂದು ದೊಡ್ಡ ಉದ್ಯಮವನ್ನು ಅಷ್ಟು ದೂರದಿಂದ ನಡೆಸಿದ ಕೀರ್ತಿ ಶಿವನಸಮುದ್ರದ್ದೇ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು. ಗಣಿಗೆ ಮುಟ್ಟಿ ಮೂರು ವರ್ಷದ ಮೇಲೆ. ತಂತಿ ಹಾದುಹೋದ ಹಳ್ಳಿಗಳಲ್ಲಿ ಮಾತ್ರ ಇನ್ನೂ ಎಷ್ಟೋ ವರ್ಷ ಬುಡ್ಡಿದೀಪವೇ ಉರಿಯಿತು.

ಕಣಿವೆಯ ಮೇಲೆ ನೌಕರರ ಮನೆಗಳ ಸಾಲು ಎದ್ದಿತು. ಆ ಜಾಗವನ್ನು ಜನ ಇಂದಿಗೂ ಬ್ಲಫ್ ಎಂದೇ ಕರೆಯುತ್ತಾರೆ.

ಬೇಸಿಗೆ ಕಲಿಸಿದ ಪಾಠ

ಹೊಳೆ ಮಳೆಗಾಲದಲ್ಲಿ ಉಕ್ಕಿ ಹರಿದು ಬೇಸಿಗೆಯಲ್ಲಿ ಸೊರಗುತ್ತದೆ. ಗಣಿಗೆ ಮಾತ್ರ ಹನ್ನೆರಡು ತಿಂಗಳೂ ಒಂದೇ ಸಮನೆ ಶಕ್ತಿ ಬೇಕು. ಸಂಸ್ಥಾನವು ಗಣಿ ಕಂಪನಿಗಳೊಡನೆ ಬರಹದಲ್ಲಿ ಕರಾರು ಮಾಡಿಕೊಂಡಿತ್ತು. ಎಷ್ಟು ಶಕ್ತಿ, ಯಾವ ದರ, ಎಷ್ಟು ವರ್ಷ ಎಲ್ಲವೂ ಅದರಲ್ಲಿತ್ತು. ಗಣಿಯ ಬೇಡಿಕೆ ಬೆಳೆಯುತ್ತ ಹೋಯಿತು. ಬೇಸಿಗೆಯ ಹೊಳೆ ಬೆಳೆಯಲಿಲ್ಲ.

ಹೀಗಾಗಿ ಮೇಲ್ಭಾಗದಲ್ಲಿ ನೀರನ್ನು ಕೂಡಿಡಲೇಬೇಕಾಯಿತು. 1909ರಲ್ಲಿ ಮುಖ್ಯ ಇಂಜಿನಿಯರಾಗಿ ಬಂದ ಸರ್ ಎಂ. ವಿಶ್ವೇಶ್ವರಯ್ಯನವರು ಕಣ್ಣಂಬಾಡಿಯ ಜಲಾಶಯಕ್ಕೆ ಒತ್ತಾಯಿಸಿದರು. 1911ರಲ್ಲಿ ಕೆಲಸ ಆರಂಭವಾಯಿತು. ಮಂಡ್ಯದ ಕಬ್ಬು ಮತ್ತು ಭತ್ತದ ಗದ್ದೆಗಳಿಗೆ ನೀರುಣಿಸುವ ಕೃಷ್ಣರಾಜಸಾಗರ ಹುಟ್ಟಲು ಕೋಲಾರದ ಗಣಿಯ ಕರಾರೂ ಒಂದು ಮುಖ್ಯ ಕಾರಣ ಎಂಬುದನ್ನು ನಾವು ಮರೆಯಬಾರದು.

ಗಣಿ ಮುಚ್ಚಿತು, ಕೇಂದ್ರ ಉಳಿಯಿತು

ಒಂದು ಕಾಲಕ್ಕೆ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿದ್ದ ಗಣಿಯಲ್ಲಿ ಅದಿರಿನ ಸತ್ವ ಕಡಿಮೆಯಾಗಿ ಖರ್ಚು ಏರಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಬೆಂಗಳೂರಿಗಿಂತ ಮೊದಲು ವಿದ್ಯುತ್ ಕಂಡ ಊರಿನ ಮಕ್ಕಳು ಈಗ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೂ ನೌಕರಿಗೂ ಹೋಗಿ ಬರುತ್ತಾರೆ. ಹಿಂದೆ ಉಳಿದದ್ದು ಸಯನೈಡ್ ದಿಬ್ಬಗಳು.

ಆದರೆ ಶಿವನಸಮುದ್ರ ನಿಲ್ಲಲಿಲ್ಲ. ಗಣಿಯೊಂದನ್ನೇ ನಂಬಿ ಆರಂಭವಾದ ಕೇಂದ್ರ, 1905ರಿಂದಲೇ ಬೇರೆ ಗ್ರಾಹಕರನ್ನೂ ಹಿಡಿದಿತ್ತು. 42 ಮೆಗಾವ್ಯಾಟ್ ಸಾಮರ್ಥ್ಯದ ಶೇಷಾದ್ರಿ ಅಯ್ಯರ್ ವಿದ್ಯುತ್ ಕೇಂದ್ರ ಇಂದಿಗೂ ಕರ್ನಾಟಕ ವಿದ್ಯುತ್ ನಿಗಮದ ಕೈಯಲ್ಲಿದೆ.

ಎರಡನೆಯ ಸಲ

1974ರಿಂದ ಬೆಂಗಳೂರಿಗೆ ಕಾವೇರಿ ಕುಡಿಯುವ ನೀರಾಗಿ ಹೋಗುತ್ತಿದ್ದಾಳೆ. ಅದೂ ಶಿವನಸಮುದ್ರದ ಬಳಿಯಿಂದಲೇ. ಅಲ್ಲಿಂದ ತೊರೆಕಾಡನಹಳ್ಳಿಗೆ ಬಂದ ನೀರನ್ನು ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರಕ್ಕೆ ಪಂಪಿನಿಂದ ಏರಿಸುತ್ತಾರೆ. ನಗರ ಬಳಸಿ ಬಿಟ್ಟ ನೀರನ್ನು ಎರಡನೇ ಹಂತದವರೆಗೆ ಶುದ್ಧಿ ಮಾಡಿ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಗೆ ಕಳಿಸುತ್ತಿದ್ದಾರೆ. 2018ರಲ್ಲಿ ಅದು ಮೊದಲು ಬಂದದ್ದು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ. ಅಲ್ಲಿಂದ ಕೆರೆ ತುಂಬಿ ಕೋಡಿ ಹರಿದು ಮುಂದಿನ ಕೆರೆಗೆ ಹೋಗುತ್ತದೆ.

ಇದು ಅಂತರ್ಜಲ ಏರಿಸಲು ಬಿಟ್ಟ ನೀರು. ಕೆರೆಯಿಂದ ನೇರವಾಗಿ ತೋಟಕ್ಕೆ ಹಾಯಿಸುವಂತಿಲ್ಲ. ಬತ್ತಿದ್ದ ಬಾವಿಗಳಲ್ಲಿ ನೀರು ಕಂಡ ರೈತರಿದ್ದಾರೆ. ನೀರಿನ ಗುಣದ ಬಗ್ಗೆ ಆತಂಕಪಟ್ಟವರೂ ಇದ್ದಾರೆ. ಆ ಪ್ರಶ್ನೆ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಒತ್ತಾಯ ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ.

ನಾವು ಗ್ರಹಿಸಬೇಕಾದದ್ದು

ಮೊದಲನೆಯದು: 1902ರಲ್ಲಿ ಗಣಿಯವರು ಕಾವೇರಿಯ ಶಕ್ತಿಯನ್ನು ದಾನವಾಗಿ ಪಡೆಯಲಿಲ್ಲ, ಲೆಕ್ಕ ಬರೆಸಿಕೊಂಡು ಪಡೆದರು. ಆದ್ದರಿಂದಲೇ ಕೊರತೆ ಬಂದಾಗ ಅಣೆಕಟ್ಟೇ ಎದ್ದಿತು. ನಾವೂ ನಮ್ಮ ಕೆರೆಗೆ ಎಷ್ಟು ನೀರು ಬರುತ್ತದೆ, ಅದರ ಪರೀಕ್ಷೆಯ ಫಲವೇನು ಎಂದು ಗ್ರಾಮ ಪಂಚಾಯಿತಿಯಲ್ಲಿ ಬರಹದಲ್ಲಿ ಕೇಳಬೇಕು.

ಎರಡನೆಯದು: ಕೂಡಿಡದ ನೀರು ನಮ್ಮದಲ್ಲ. ಕಣ್ಣಂಬಾಡಿಯ ಬುದ್ಧಿ ನಮ್ಮ ಕೆರೆಗಳಿಗೂ ಸಲ್ಲುತ್ತದೆ. ರಾಜಕಾಲುವೆ ಮುಚ್ಚಿ, ಕೆರೆಯಲ್ಲಿ ಹೂಳು ತುಂಬಿದ್ದರೆ, ಮಳೆಯೂ ನಿಲ್ಲದು, ಪಂಪಿನ ನೀರೂ ನಿಲ್ಲದು.

ಮೂರನೆಯದು: ಒಂದನ್ನೇ ನಂಬಿದ ಗಣಿಯ ಊರು ಸೊರಗಿತು; ಹಲವರನ್ನು ನೆಚ್ಚಿದ ಶಿವನಸಮುದ್ರ ಉಳಿಯಿತು. ಅಡಿಕೆ ಬೇಸಿಗೆಯಲ್ಲಿ ನೀರು ತಪ್ಪಿದರೆ ತಡೆಯುವ ಬೆಳೆಯಲ್ಲ. ಪಕ್ಕದ ಜಮೀನಿನಲ್ಲಿ ಸಸಿ ಚೆನ್ನಾಗಿದೆಯೆಂದು, ಒಂದೇ ಕೊಳವೆ ಬಾವಿಯನ್ನು ನಂಬಿ ಇದ್ದ ಜಮೀನಿಗೆಲ್ಲ ಅಡಿಕೆ ಹಾಕುವ ಮುನ್ನ ಎರಡು ಸಲ ಯೋಚಿಸಿರಿ. ಮಾವು, ಹಿಪ್ಪುನೇರಳೆ, ತರಕಾರಿ ಇವು ನಮ್ಮ ಸೀಮೆಗೆ ಪಳಗಿದ ಬೆಳೆಗಳು, ಅವುಗಳಿಗೂ ಜಾಗವಿರಲಿ.

ಚರ್ಚೆಗೆ

1. ನಿಮ್ಮ ಊರಿನ ಕೆರೆಗೆ ನೀರು ಎಲ್ಲಿಂದ ಬರುತ್ತದೆ? ಕೋಡಿ ಬಿದ್ದರೆ ಯಾವ ಕೆರೆಗೆ ಹೋಗುತ್ತದೆ?
2. ನಿಮ್ಮ ಕೊಳವೆ ಬಾವಿಯ ಮಟ್ಟ 2018ಕ್ಕೆ ಮುಂಚೆ ಎಷ್ಟಿತ್ತು? ಈಗ ಎಷ್ಟಿದೆ?
3. ಪಂಪಿನ ನೀರು ಒಂದು ಬೇಸಿಗೆ ಬಾರದೆ ಹೋದರೆ ನಿಮ್ಮ ತೋಟದಲ್ಲಿ ಉಳಿಯುವುದು ಯಾವುದು?

ಈ ಮೂರನ್ನೂ ಒಂದು ಸಂಜೆ ಕೆರೆಯ ಏರಿಯ ಮೇಲೆ ನಾಲ್ಕು ಮನೆಯವರು ಕೂತು ಮಾತನಾಡಿದರೆ ಈ ಪಾಠ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.