ಡ್ಯೂಯಿಯ ತೂಗುಸೇತುವೆ

ಮರುಭೂಮಿ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣೆದುರಿಗೆ ಮರಳೂ ಒಂಟೆಯೂ ಬಂದು ನಿಲ್ಲುವುವು. ಅಂಥಲ್ಲಿ ಸೇತುವೆಗೇನು ಕೆಲಸ ಎಂದು ಅವರು ಕೇಳಿದರೆ ತಪ್ಪಲ್ಲ. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಯೂಟಾ ಪ್ರಾಂತದ ಪೂರ್ವಭಾಗದ ಮರುಭೂಮಿಯು ಬೇರೊಂದು ಬಗೆಯದು. ಅಲ್ಲಿ ಮರಳಿಗಿಂತ ಕೆಂಬಂಡೆಯೇ ಹೆಚ್ಚು. ಮಳೆ ಅತ್ಯಲ್ಪ. ಹಾಗಿದ್ದೂ ಆ ಒಣನೆಲವನ್ನು ಸೀಳಿಕೊಂಡು ಕೊಲೊರಾಡೊ ಎಂಬ ಮಹಾನದಿಯು ಹರಿಯುತ್ತದೆ. ಅದರ ನೀರಿನ ಬಹುಭಾಗ ಆ ನೆಲದ್ದಲ್ಲ. ದೂರದ ರಾಕಿ ಪರ್ವತಗಳ ಹಿಮ ಕರಗಿ ಬಂದದ್ದು. ಬೇಸಗೆಯ ಮೊದಲಲ್ಲಿ, ತಲೆಯ ಮೇಲೆ ಒಂದು ಮೋಡವೂ ಇಲ್ಲದಿರುವಾಗ, ನದಿಯು ತುಂಬಿ ಬರುವುದುಂಟು. ಕೊಲೊರಾಡೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕೆಂಪಾದುದು ಎಂದರ್ಥ. ಈ ಭಾಗದ ನದಿಗೆ ಆ ಹೆಸರು ಬಂದುದು 1921ರಲ್ಲಿ. ಅದಕ್ಕೆ ಮೊದಲು ಗ್ರ್ಯಾಂಡ್ ನದಿ ಎನ್ನುತ್ತಿದ್ದರು.

ಈ ನದಿಯ ದಡದಲ್ಲಿ ಮೋಆಬ್ ಎಂಬ ಊರಿದೆ. ಅಲ್ಲಿಯವರು ನೆರೆಯ ಪ್ರಾಂತದ ಗ್ರ್ಯಾಂಡ್ ಜಂಕ್ಷನ್ ಪಟ್ಟಣಕ್ಕೆ ಹೋಗಬೇಕಾದರೆ ಡ್ಯೂಯಿ ಎಂಬಲ್ಲಿ ದೋಣಿಯಿಂದ ಹೊಳೆ ದಾಟಬೇಕಿತ್ತು. ಪ್ರವಾಹ ಬಂದಾಗ ದೋಣಿಯನ್ನು ನಂಬುವಂತಿರಲಿಲ್ಲ. 1916ರಲ್ಲಿ ಕಾನ್ಸಾಸ್ ಸಿಟಿಯ ಮಿಡ್‌ಲ್ಯಾಂಡ್ ಸೇತುವೆ ಕಂಪನಿಯು ಆ ಸ್ಥಳದಲ್ಲಿ ಒಂದು ತೂಗುಸೇತುವೆಯನ್ನು ಕಟ್ಟಿತು. ಉದ್ದ 502 ಅಡಿ. ಅಗಲವೋ ಎಂಟೇ ಅಡಿ. ಮಿಸಿಸಿಪ್ಪಿ ನದಿಯಿಂದ ಪಶ್ಚಿಮಕ್ಕೆ ಅಂದಿದ್ದ ತೂಗುಸೇತುವೆಗಳಲ್ಲಿ ಉದ್ದದಲ್ಲಿ ಇದು ಎರಡನೆಯದೆಂದು ಹೇಳುತ್ತಾರೆ. ಆರು ಕುದುರೆ, ಮೂರು ಬಂಡಿ, 9,000 ಪೌಂಡು ಸರಕು, ಇಷ್ಟನ್ನು ಒಮ್ಮೆಗೆ ಹೊರಬೇಕೆಂಬುದು ಅದರ ಲೆಕ್ಕ. ಇಂದಿನ ತೂಕದಲ್ಲಿ ಆ ಸರಕು ನಾಲ್ಕು ಟನ್ನಿಗೆ ತುಸು ಹೆಚ್ಚು.

ತೂಗುಸೇತುವೆಯೇ ಏಕೆ? ನಡುಹೊಳೆಯಲ್ಲಿ ಕಂಬ ನಿಲ್ಲಿಸಿದರೆ ಪ್ರವಾಹವು ಅದರ ಬುಡವನ್ನು ಕೊರೆಯುತ್ತದೆ. ತೂಗುಸೇತುವೆಗೆ ನೀರಿನಲ್ಲಿ ಕಂಬ ಬೇಡ. ದಡಕ್ಕೊಂದರಂತೆ ಎರಡು ಗೋಪುರಗಳು. ಅವುಗಳ ತಲೆಯ ಮೇಲೆ ಹಾದುಹೋಗುವ ಉಕ್ಕಿನ ಹಗ್ಗಗಳು. ಅವುಗಳಿಂದ ಇಳಿಬಿದ್ದ ಸರಳುಗಳಿಗೆ ಹಲಗೆಯ ದಾರಿ ತೂಗುತ್ತದೆ. ಬಂಡಿಯ ಭಾರವು ಹಲಗೆಯಿಂದ ಸರಳಿಗೆ, ಸರಳಿನಿಂದ ಹಗ್ಗಕ್ಕೆ ಏರಿ, ಗೋಪುರದ ಮೂಲಕ ನೆಲಕ್ಕಿಳಿಯುತ್ತದೆ. ಹಗ್ಗವು ಗೋಪುರಗಳನ್ನು ಒಳಕ್ಕೆ ಸೆಳೆದು ಕೆಡವದಂತೆ ಅದರ ತುದಿಗಳನ್ನು ಹಿಂದಕ್ಕೆ ಒಯ್ದು ನೆಲದಲ್ಲಿ ಭದ್ರವಾಗಿ ಬಿಗಿಯುತ್ತಾರೆ.

ಹಗ್ಗ ನಡುವೆ ಜೋತುಬಿದ್ದಿರುವುದು ಕೆಲಸಗಾರರ ಅಲಕ್ಷ್ಯವೆಂದು ತಿಳಿಯಬಾರದು. ನಮ್ಮ ಚಾಳುಗಳ ಪಡಸಾಲೆಯಲ್ಲಿ ಬಟ್ಟೆ ಒಣಗಿಸುವ ಹಗ್ಗವಿರುತ್ತದಷ್ಟೆ. ಅದನ್ನು ಬಿಚ್ಚಿ ಇಬ್ಬರು ಎರಡು ತುದಿಗಳನ್ನು ಹಿಡಿಯಿರಿ. ನಡುವೆ ಪುಸ್ತಕದ ಚೀಲವನ್ನು ತೂಗುಹಾಕಿ. ಹಗ್ಗ ಚೆನ್ನಾಗಿ ಜೋತಿದ್ದರೆ ಸುಲಭವಾಗಿ ಹಿಡಿದು ನಿಲ್ಲಬಹುದು. ಅದನ್ನು ನೇರ ಮಾಡಲು ಎಳೆಯುತ್ತ ಹೋದಂತೆ ಕೈ ಸೋಲುತ್ತದೆ. ಪೂರಾ ನೇರವಂತೂ ಆಗುವುದೇ ಇಲ್ಲ. ಜೋಲು ಕಡಿಮೆಯಾದಷ್ಟೂ ಸೆಳೆತ ಹೆಚ್ಚು. (ಮನೆಯವರ ಅಪ್ಪಣೆ ಪಡೆದೇ ಹಗ್ಗ ಬಿಚ್ಚತಕ್ಕದ್ದು.)

ಕುದುರೆಬಂಡಿಗೆಂದು ಅಳತೆ ಮಾಡಿದ ದಾರಿಯಲ್ಲಿ ಮೋಟಾರುಗಳೇ ದಶಕಗಳ ಕಾಲ ಓಡಿದವು. ಎದುರಿಗೆ ಇನ್ನೊಂದು ಬಂದರೆ ಎಂಟಡಿಯಲ್ಲಿ ಇಬ್ಬರಿಗೂ ಎಡೆಯೆಲ್ಲಿ? 1980ರ ದಶಕದಲ್ಲಿ ಪಕ್ಕದಲ್ಲಿಯೇ ಅಗಲವಾದ ಹೊಸ ಸೇತುವೆಯಾಯಿತು. ಹಳೆಯದನ್ನು ಕೆಡವಲಿಲ್ಲ. 1984ರಲ್ಲಿಯೇ ಅದು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತ್ತು. 2000ದ ವೇಳೆಗೆ ಅದನ್ನು ದುರಸ್ತಿ ಮಾಡಿದರು. ಕಾಲ್ನಡೆಯವರೂ ಸೈಕಲಿನವರೂ ಅದರ ಮೇಲೆ ಹೊಳೆ ದಾಟುತ್ತಿದ್ದರು.

2008ರ ಏಪ್ರಿಲ್ 6ರಂದು ಸಮೀಪದ ಬಿಡಾರವೊಂದರಲ್ಲಿ ಏಳು ವರ್ಷದ ಮಗುವೊಂದು ಬೆಂಕಿಕಡ್ಡಿಯೊಡನೆ ಆಡುತ್ತಿತ್ತು. ದಡದ ಒಣಪೊದೆಗೆ ಹತ್ತಿದ ಕಿಡಿಯು ಸೇತುವೆಗೆ ಏರಿತು. ತೊಂಬತ್ತು ವರ್ಷ ನದಿಯ ಪ್ರವಾಹಕ್ಕೆ ಎಟುಕದೆ ನಿಂತಿದ್ದ ದಾರಿಯ ಹಲಗೆಗಳೂ ಕಟಕಟೆಯೂ ಸುಟ್ಟುಹೋದವು. ನೀರಿನ ಭಯಕ್ಕೆ ಎತ್ತರದಲ್ಲಿ ತೂಗಿದ ಮರ, ಮರುಭೂಮಿಯ ಬಿಸಿಲಿನಲ್ಲಿ ಒಣಗಿ ಸೌದೆಯಂತಾಗಿತ್ತೆಂಬುದನ್ನು ನಾವು ಮರೆಯುತ್ತೇವೆ.

ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ಆ ಮಗುವಿಗೆ ಏನು ಶಿಕ್ಷೆಯಾಯಿತೆಂದೇ ಮೊದಲು ಕೇಳಿದರು. ನಾವು ಉತ್ತರಿಸಲಿಲ್ಲ. ನಾವೂ ಆ ವಯಸ್ಸಿನಲ್ಲಿ ಊರಿನ ಹುಲ್ಲುಬಣವೆಯ ಮರೆಯಲ್ಲಿ ಕುಳಿತು ಒಂದು ಪೆಟ್ಟಿಗೆ ಕಡ್ಡಿಯನ್ನು ಗೀಚಿ ಮುಗಿಸಿದ್ದುಂಟು. ಅಂದು ಗಾಳಿಯಿರಲಿಲ್ಲ, ಅಷ್ಟೆ.

ಬೆಂಕಿ ಆರಿದ ಮೇಲೆ ಎರಡು ಗೋಪುರಗಳೂ ಅವುಗಳ ನಡುವಿನ ಉಕ್ಕಿನ ಹಗ್ಗಗಳೂ ಉಳಿದವು. ಹೊರಲು ದಾರಿಯಿಲ್ಲದ ಆ ಹಗ್ಗಗಳು ತಮ್ಮ ಭಾರವನ್ನಷ್ಟೇ ಹೊತ್ತು ಹೊಳೆಯ ಮೇಲೆ ಜೋತುಬಿದ್ದಿದ್ದವು.