ಕಂದನಿಗೊಂದು ಚಿತ್ರದ ಪುಸ್ತಕ



ನೀವು ಹಳೇಬೀಡು ನೋಡಿದ್ದೀರಾ? ಅರಸೀಕೆರೆಯಿಂದ ಜಾವಗಲ್ ಹಾದು ಹೋದರೆ ಹಳೇಬೀಡು. ಅಲ್ಲಿಂದ 16 ಕಿಲೋಮೀಟರ್ ಹೋದರೆ ಬೇಲೂರು.

ಹಳೇಬೀಡಿನ ಗುಡಿಯ ಗೋಡೆಯನ್ನು ನೆನಪು ಮಾಡಿಕೊಳ್ಳಿ. ಕೆಳಗಿನ ಸಾಲಿನಲ್ಲಿ ಆನೆಗಳು. ಅದರ ಮೇಲೆ ಸಿಂಹಗಳು. ಇನ್ನೂ ಮೇಲೆ ಕುದುರೆ ಸವಾರರು. ಅದಕ್ಕೂ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು. ಈ ಗುಡಿ ಕಟ್ಟಲು ಶುರು ಮಾಡಿ 900 ವರ್ಷವಾಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ನಮ್ಮ ಅಜ್ಜಿಯರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಆ ಗೋಡೆ ತೋರಿಸಿ ಕಥೆ ಹೇಳುತ್ತಿದ್ದರು. "ನೋಡು ಮಗಾ, ಇವನೇ ಹನುಮಂತ" ಅನ್ನುತ್ತಿದ್ದರು. ನಾವು ನೋಡುತ್ತಾ ನೋಡುತ್ತಾ ಕಲಿತೆವು.

ಅಕ್ಷರಕ್ಕಿಂತ ಮೊದಲು ಚಿತ್ರ. ಸಣ್ಣ ಮಕ್ಕಳಿಗೂ ಅಷ್ಟೇ. ಅವರಿಗೆ ಓದಲು ಬಾರದು. ಆದರೆ ಚಿತ್ರ ನೋಡಿ ಬೇಗ ತಿಳಿದುಕೊಳ್ಳುತ್ತಾರೆ.

ಒಬ್ಬ ತಂಗಿಯ ಕಥೆ

ಅರಸೀಕೆರೆ ಕಡೆಯ ಒಂದು ಹಳ್ಳಿ. ಅಲ್ಲಿ ನಮ್ಮ ಕಲಿಕಾ ಕೇಂದ್ರ. ಅಲ್ಲಿಗೆ ಬರುವ ಒಬ್ಬ ತಂಗಿಗೆ ಎರಡೂವರೆ ವರ್ಷದ ಮಗ. ಒಂದು ಸಂಜೆ ಅವಳು ಅಳುತ್ತಾ ಬಂದಳು.

"ಯಾಕಮ್ಮ, ಏನಾಯ್ತು?" ಅಂದೆವು.

"ಇವತ್ತು ಮಗನಿಗೆ ಹೊಡೆದುಬಿಟ್ಟೆ ಅಕ್ಕ. ಮತ್ತೆ ಚಡ್ಡಿಯಲ್ಲೇ ಮಾಡಿಕೊಂಡ. ನಮ್ಮ ಓರಗಿತ್ತಿ ಮಗು ಆಗಲೇ ಕಕ್ಕ ಅಂತ ಹೇಳುತ್ತೆ. ಇವನು ಹೇಳೋದೇ ಇಲ್ಲ. ಕಕ್ಕಸಿಗೆ ಕರಕೊಂಡು ಹೋದರೆ ಕಿರುಚುತ್ತಾನೆ."

ಹೊಡೆತ ತಿಂದ ಮಗು ಏನು ಮಾಡಿತು ಗೊತ್ತೇ? ಬಾಗಿಲ ಹಿಂದೆ ಅವಿತುಕೊಂಡಿತು. ಎರಡು ದಿನ ಕಕ್ಕವನ್ನೇ ತಡೆದುಕೊಂಡಿತು. ಮೂರನೆಯ ದಿನ ಗಟ್ಟಿಯಾಗಿ ಹೋಯಿತು. ನೋವಿನಿಂದ ಅತ್ತಿತು. ಆಮೇಲೆ ಇನ್ನೂ ಹೆದರಿತು.

ನಾವೆಲ್ಲ ಕೂತು ಮಾತಾಡಿದೆವು. ಕಂದ ಹೊಸಿಲು ದಾಟಿದರೆ ಕೆಲವು ಮನೆಗಳಲ್ಲಿ ಕಾಯಿ ಒಡೆಯುತ್ತಾರೆ. ಮೊದಲ ಹೆಜ್ಜೆ ಇಟ್ಟರೆ ಚಪ್ಪಾಳೆ ತಟ್ಟುತ್ತೇವೆ. ಬಿದ್ದರೆ ಎತ್ತಿಕೊಳ್ಳುತ್ತೇವೆ. ಬಿದ್ದೆ ಅಂತ ಹೊಡೆಯುವುದಿಲ್ಲ. ಹೇಳಿ ಕಕ್ಕ ಮಾಡುವುದೂ ಒಂದು ಹೆಜ್ಜೆಯೇ ಅಲ್ಲವೇ? ಅದಕ್ಕೆ ಮಾತ್ರ ಯಾಕೆ ಹೊಡೆತ?

ಯಾವಾಗ ಕಲಿಸಬೇಕು?

ತಾಯಿ ಕಾರ್ಡ್ ತೆಗೆದು ನೋಡಿ. ಅದರಲ್ಲಿ ಚಿತ್ರಗಳಿವೆ. ಮಗು ನಗುವುದು, ಕೂರುವುದು, ನಿಲ್ಲುವುದು, ನಡೆಯುವುದು. ಯಾವುದು ಯಾವ ವಯಸ್ಸಿಗೆ ಅಂತ ಬರೆದಿದೆ. ಈಗ ನೀವೇ ಓದಬಹುದು.

ಎಲ್ಲ ಮಕ್ಕಳೂ ಒಂದೇ ದಿನ ನಡೆಯುವುದಿಲ್ಲ. ಕಕ್ಕ, ಉಚ್ಚೆ ಹೇಳುವುದೂ ಹಾಗೆ. ತುಂಬಾ ಮಕ್ಕಳು 2 ರಿಂದ 3 ವರ್ಷದ ನಡುವೆ ಕಲಿಯುತ್ತಾರೆ. ಕೆಲವರಿಗೆ ಇನ್ನೂ ಸ್ವಲ್ಪ ದಿನ ಬೇಕು. ರಾತ್ರಿ ಹಾಸಿಗೆ ಒದ್ದೆಯಾಗುವುದು ನಿಲ್ಲಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಅದು ಮಗುವಿನ ತಪ್ಪಲ್ಲ.

ಮಗು ತಯಾರಾಗಿದೆ ಅಂತ ಹೇಗೆ ತಿಳಿಯುವುದು?

1. ಎರಡು ಗಂಟೆ ಚಡ್ಡಿ ಒಣಗಿರುತ್ತದೆ.
2. ತಾನೇ ಕುಕ್ಕರಗಾಲಲ್ಲಿ ಕೂರುತ್ತದೆ.
3. ಚಡ್ಡಿ ಜಾರಿಸಲು ನೋಡುತ್ತದೆ.
4. ಮಾತಿನಲ್ಲೋ ಸನ್ನೆಯಲ್ಲೋ ಹೇಳುತ್ತದೆ.

ಇವು ಕಂಡರೆ ಕಲಿಸಲು ಶುರು ಮಾಡಿ. ಕಾಣದಿದ್ದರೆ ಸ್ವಲ್ಪ ದಿನ ಕಾಯಿರಿ.

ದೂರದ ಒಬ್ಬ ತಾಯಿ

ಇಸ್ರೇಲ್ ಎಂಬ ದೇಶದಲ್ಲಿ ಅಲೋನಾ ಫ್ರಾಂಕೆಲ್ ಎಂಬ ತಾಯಿ ಇದ್ದರು. ತಮ್ಮ ಪುಟ್ಟ ಮಗನಿಗಾಗಿ ಅವರೇ ಚಿತ್ರ ಬರೆದರು. ಅವರೇ ಕಥೆ ಬರೆದರು. ಪಾಟಿಯ ಮೇಲೆ ಕೂರುವುದನ್ನು ಕಲಿಯುವ ಮಗುವಿನ ಕಥೆ ಅದು. 1975ರಲ್ಲಿ ಆ ಪುಸ್ತಕ ಅಚ್ಚಾಯಿತು. ಮುಂದೆ ಬೇರೆ ಬೇರೆ ಭಾಷೆಗಳಿಗೂ ಹೋಯಿತು.

ಜಪಾನಿನಲ್ಲಿ ತಾರೋ ಗೋಮಿ ಎಂಬುವರು 1977ರಲ್ಲಿ ಇನ್ನೊಂದು ಚಿತ್ರದ ಪುಸ್ತಕ ತಂದರು. ಪ್ರಾಣಿಗಳೂ ಕಕ್ಕ ಮಾಡುತ್ತವೆ, ಮನುಷ್ಯರೂ ಮಾಡುತ್ತಾರೆ ಎಂದು ಅದು ತೋರಿಸುತ್ತದೆ. ಇದರಲ್ಲಿ ನಾಚಿಕೆ ಇಲ್ಲ, ಹೆದರಿಕೆ ಇಲ್ಲ ಎಂದು ಮಗುವಿಗೆ ತಿಳಿಯುತ್ತದೆ.

ಆ ಪುಸ್ತಕ ನಮಗೆ ಸಿಗದಿದ್ದರೆ ಏನಂತೆ? ನಾವೇ ಮಾಡೋಣ ಅಂದೆವು.

ನಾವು ಮಾಡಿದ ಪುಸ್ತಕ

ಹಳೇ ಕ್ಯಾಲೆಂಡರಿನ ಹಾಳೆಗಳನ್ನು ತಂದೆವು. ಹಿಂಭಾಗ ಬಿಳಿ ಇತ್ತು. ಸಮನಾಗಿ ಕತ್ತರಿಸಿದೆವು. ಸೂಜಿ ದಾರದಿಂದ ಹೊಲಿದೆವು. 5ನೇ ಕ್ಲಾಸಿನ ಹುಡುಗಿ ಒಬ್ಬಳು ಚಿತ್ರ ಬರೆದಳು. ಚಿತ್ರದ ಕೆಳಗೆ ಆ ತಂಗಿಯೇ ದಪ್ಪ ಅಕ್ಷರದಲ್ಲಿ ಬರೆದಳು.

1. ಪುಟ್ಟ ಎದ್ದ.
2. ಹೊಟ್ಟೆ ಗುಡುಗುಡು ಅಂತು.
3. "ಅವ್ವಾ, ಕಕ್ಕ" ಅಂದ.
4. ಅವ್ವ ಕೈ ಹಿಡಿದಳು. ಪುಟ್ಟ ಕೂತ.
5. ತೊಳೆದಾಯ್ತು. ಕೈಗೆ ಸೋಪು ಹಾಕಾಯ್ತು.
6. ಪುಟ್ಟ ಆಡಲು ಓಡಿದ.

ರಾತ್ರಿ ಊಟ ಆದಮೇಲೆ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಓದಿದಳು. ನಿಧಾನವಾಗಿ, ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮಗನಿಗೆ ಅವಸರ ಇರಲಿಲ್ಲ. ಅವನು ಚಿತ್ರ ನೋಡುತ್ತಿದ್ದ. "ಇನ್ನೊಂದ್ಸಲ" ಅಂದ. ಅವಳು ಮತ್ತೆ ಓದಿದಳು.

ಅತ್ತೆ ಮೊದಲು ನಕ್ಕರು. "ನಮ್ಮ ಕಾಲದಲ್ಲಿ ಪುಸ್ತಕ ಇತ್ತೇನವ್ವ? ಕಾಲ ಮೇಲೆ ಕೂರಿಸಿಕೊಂಡು ಶ್ಶ್ ಅಂತಿದ್ವಿ" ಅಂದರು. ಅದೂ ಒಳ್ಳೆಯ ಪದ್ಧತಿಯೇ. ಮಗುವಿಗೆ ತಾಯಿಯ ಕಾಲಿನ ಆಸರೆ ಇರುತ್ತಿತ್ತು. ಕಕ್ಕಸಿನ ದೊಡ್ಡ ಗುಂಡಿಯ ಮೇಲೆ ಒಂದೇ ಸಲ ಕೂರಿಸಿದರೆ ಬೀಳುತ್ತೇನೆ ಅಂತ ಮಗು ಹೆದರುತ್ತದೆ. ಅದಕ್ಕೇ ಮೊದಲು ಚಿಕ್ಕ ಪಾಟಿ ಇಡಿ. ಇಲ್ಲವೇ ಎರಡೂ ಕೈ ಹಿಡಿದು ಕೂರಿಸಿ.

ಮೂರು ವಾರ ಹಿಡಿಯಿತು. ನಡುನಡುವೆ ಚಡ್ಡಿಯಲ್ಲೂ ಆಯಿತು. ಅವಳು ಹೊಡೆಯಲಿಲ್ಲ. ಒಂದು ಬೆಳಿಗ್ಗೆ ಮಗ ಪುಸ್ತಕ ಹಿಡಿದುಕೊಂಡು ಬಂದ. ಮೂರನೆಯ ಚಿತ್ರದ ಮೇಲೆ ಬೆರಳಿಟ್ಟ. "ಅವ್ವಾ, ಕಕ್ಕ" ಅಂದ.

ಈಗ ಅತ್ತೆಯೂ ಮೊಮ್ಮಗನಿಗೆ ಪುಟ ತಿರುಗಿಸಿ ಕಥೆ ಹೇಳುತ್ತಾರೆ. ಅವರಿಗೆ ಅಕ್ಷರ ಬಾರದು. ಚಿತ್ರ ನೋಡಿಯೇ ಹೇಳುತ್ತಾರೆ. ಮೊನ್ನೆ ಸೊಸೆಯನ್ನು ಕೇಳಿದರಂತೆ, "ಅವ್ವ ಅಂತ ಎಲ್ಲಿ ಬರೆದಿದ್ದೀಯ, ತೋರಿಸು."

ಮೊಬೈಲಿನ ಗೊಂಬೆ ಚಿತ್ರ

ಈಗ ಮೊಬೈಲಿನಲ್ಲೂ ಗೊಂಬೆ ಚಿತ್ರಗಳಿವೆ. 1990ರ ದಶಕದಲ್ಲಿ ಯುನಿಸೆಫ್ ಸಂಸ್ಥೆ 'ಮೀನಾ' ಎಂಬ ಹುಡುಗಿಯ ಕಾರ್ಟೂನ್ ಮಾಡಿಸಿತ್ತು. ಹುಡುಗಿಯರ ಓದು, ಶುಚಿತ್ವ ಇಂಥ ವಿಷಯ ಅದರಲ್ಲಿದ್ದವು. ಕಾರ್ಟೂನಿನಿಂದಲೂ ಒಳ್ಳೆಯದು ಕಲಿಯಬಹುದು.

ಆದರೆ ಅಳತೆ ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಕೊಟ್ಟಿದೆ. 2 ವರ್ಷದ ಒಳಗಿನ ಮಕ್ಕಳಿಗೆ ಟಿ.ವಿ., ಮೊಬೈಲ್ ತೋರಿಸಬಾರದು. 2 ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಬೇಡ. ಕಡಿಮೆಯಾದಷ್ಟೂ ಒಳ್ಳೆಯದು. ತೋರಿಸುವುದಾದರೆ ಪಕ್ಕದಲ್ಲಿ ಕೂತು ನೋಡಿ, ಮಾತಾಡಿ. ಮೊಬೈಲು ಮಗುವಿನ ಪ್ರಶ್ನೆಗೆ ಕಾಯುವುದಿಲ್ಲ. ಅವ್ವ ಕಾಯುತ್ತಾಳೆ.

ನೆನಪಿಡಿ

• ಸಣ್ಣ ಮಕ್ಕಳ ಕಕ್ಕದಿಂದ ಏನೂ ಆಗಲ್ಲ ಅನ್ನಬೇಡಿ. ಅದರಲ್ಲೂ ಭೇದಿ ತರುವ ರೋಗಾಣು ಇರುತ್ತವೆ. ಅದನ್ನು ತಿಪ್ಪೆಗೆ, ಚರಂಡಿಗೆ ಎಸೆಯಬೇಡಿ. ಕಕ್ಕಸಿಗೆ ಹಾಕಿ.

• ತೊಳೆದ ಮೇಲೆ ನಿಮ್ಮ ಕೈ, ಮಗುವಿನ ಕೈ ಎರಡನ್ನೂ ಸೋಪಿನಿಂದ ತೊಳೆಯಿರಿ. ಹೆಣ್ಣುಮಗುವಿಗೆ ಮುಂದಿನಿಂದ ಹಿಂದಕ್ಕೆ ತೊಳೆಯಿರಿ.

• ಕಕ್ಕ ಗಟ್ಟಿಯಾದರೆ ನೀರು, ಸೊಪ್ಪು, ಪರಂಗಿ ಹಣ್ಣು ಕೊಡಿ.

• ಕಕ್ಕದಲ್ಲಿ ರಕ್ತ ಕಂಡರೆ, ಉಚ್ಚೆ ಮಾಡುವಾಗ ನೋವಾದರೆ ಆಶಾ ಕಾರ್ಯಕರ್ತೆಗೆ ಹೇಳಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಾತಾಡಿ

1. ಹೊಡೆತ ತಿಂದ ಮಗು ಯಾಕೆ ಕಕ್ಕ ತಡೆದುಕೊಂಡಿತು?
2. ನಿಮ್ಮ ಮನೆಯಲ್ಲಿ ಮಕ್ಕಳಿಗೆ ಇದನ್ನು ಹೇಗೆ ಕಲಿಸಿದಿರಿ?

ಮಾಡಿ

ನಿಮ್ಮ ಕಂದನಿಗೂ ಒಂದು ಚಿತ್ರದ ಪುಸ್ತಕ ಮಾಡಿ. ಆರು ಹಾಳೆ ಸಾಕು. ಹಾಳೆಗೆ ಒಂದು ಮಾತು ಸಾಕು. ಮೊದಲ ಹಾಳೆಯ ಮೇಲೆ ಬರೆದವರ ಹೆಸರು ಬೇಕು. ಅಲ್ಲಿ ನಿಮ್ಮ ಹೆಸರು ಬರೆಯಿರಿ.