ಜನಾಭಿಪ್ರಾಯ ಸಮೀಕ್ಷೆಯೂ ಆರ್ಥಿಕ ನಿರ್ಣಯವೂ

ವ್ಯಾಪಾರವೆಂಬುದು ಸರಕು ಮತ್ತು ಹಣಗಳ ವಿನಿಮಯವೆಂದು ಮೇಲ್ನೋಟಕ್ಕೆ ತೋರುತ್ತದೆ. ವಿಚಾರಿಸಿ ನೋಡಿದರೆ ಕೊಳ್ಳುವವನ ಮನಸ್ಸೇ ಅದರ ಮೂಲ. ನಾಳಿನ ಭಯವುಳ್ಳವನು ಕೈಯಲ್ಲಿ ಹಣವಿದ್ದರೂ ಕೊಳ್ಳಲಾರನು. ಭರವಸೆಯುಳ್ಳವನು ಸಾಲ ಮಾಡಿಯಾದರೂ ಮನೆ ಕಟ್ಟುವನು. ಈ ಮನೋಗತವನ್ನು ಅಳೆಯಲು ಹೊರಟ ಶಾಸ್ತ್ರೀಯ ವಿಧಾನವೇ ಅಭಿಪ್ರಾಯ ಸಮೀಕ್ಷೆ.

ಈ ಮಾರ್ಗದ ಪ್ರವರ್ತಕರಲ್ಲಿ ಹಂಗೆರಿಯಲ್ಲಿ ಜನಿಸಿ ಅಮೆರಿಕೆಯಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ ಜಾರ್ಜ್ ಕಟೋನಾ ಅವರು ಅಗ್ರಗಣ್ಯರು. ಎರಡನೆಯ ಮಹಾಯುದ್ಧವು ಮುಗಿದೊಡನೆ ಮಹಾಕುಸಿತವು ಮರುಕಳಿಸೀತೆಂದು ಅನೇಕ ಅರ್ಥಶಾಸ್ತ್ರಜ್ಞರು ಅಂಜಿದ್ದರು. ಜನರಾದರೋ ಕೊಳ್ಳುವ ಉತ್ಸಾಹದಲ್ಲಿದ್ದಾರೆಂದು ಕಟೋನಾ ಅವರು ಸಮೀಕ್ಷೆಯಿಂದ ಕಂಡುಕೊಂಡರು. ಅಂಜಿದ್ದ ಕುಸಿತವು ಬರಲಿಲ್ಲ. ಅವರು 1946ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಗ್ರಾಹಕ ಸಮೀಕ್ಷೆಯು ಇಂದಿಗೂ ನಡೆಯುತ್ತಿದೆ. ಕುಟುಂಬದ ಸ್ಥಿತಿ ಕಳೆದ ವರ್ಷಕ್ಕಿಂತ ಮೇಲೋ ಕೀಳೋ, ಮುಂದೆ ಹೇಗಿದ್ದೀತು, ದೊಡ್ಡ ಗೃಹೋಪಯೋಗಿ ವಸ್ತುಗಳನ್ನು ಕೊಳ್ಳಲು ಇದು ಸಕಾಲವೇ ಎಂಬಿವೇ ಮೊದಲಾದ ಐದು ಪ್ರಶ್ನೆಗಳಿಂದ ಸೂಚ್ಯಂಕವೊಂದನ್ನು ಗಣಿಸುತ್ತಾರೆ.

ಕೋಟ್ಯಂತರ ಜನರಲ್ಲಿ ಕೆಲವರನ್ನಷ್ಟೇ ಕೇಳಿದರೆ ಸಾಕೇ ಎಂಬ ಶಂಕೆ ಸಹಜ. ಇದಕ್ಕೆ ಸ್ಥಾಲೀಪುಲಾಕನ್ಯಾಯವೇ ಸಮಾಧಾನ. ಅನ್ನ ಬೆಂದಿತೇ ಎಂದರಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು. ಆದರೆ ಸಮಾಜವು ಸಮನಾಗಿ ಬೆಂದ ಅನ್ನವಲ್ಲ. ಸಿರಿವಂತ, ಬಡವ, ಪಟ್ಟಣಿಗ, ಹಳ್ಳಿಗ ಎಲ್ಲರಿಗೂ ಆಯ್ಕೆಯಲ್ಲಿ ಸ್ಥಾನವಿರಬೇಕು. ಪರಿಚಿತರನ್ನೇ ಕೇಳಿ ಲೋಕದ ಅಭಿಪ್ರಾಯವೆನ್ನುವುದು ಆತ್ಮವಂಚನೆ.

ಯಾರನ್ನು ಕೇಳಬೇಕೆಂಬುದರಷ್ಟೇ ಏನನ್ನು ಕೇಳಬೇಕೆಂಬುದೂ ಮುಖ್ಯ. ಕೋಕಾ-ಕೋಲಾ ಸಂಸ್ಥೆಯು ತನ್ನ ಪಾನೀಯದ ರುಚಿಯನ್ನು ಬದಲಿಸುವ ಮೊದಲು ಸುಮಾರು 2 ಲಕ್ಷ ಜನರಿಂದ ರುಚಿ ನೋಡಿಸಿತು. ಹೆಚ್ಚಿನವರು ಹೊಸದನ್ನೇ ಮೆಚ್ಚಿದರು. 1985ರ ಏಪ್ರಿಲ್ 23ರಂದು ಹೊಸ ಪಾನೀಯವು ಪ್ರಕಟವಾದೊಡನೆ ಪ್ರತಿಭಟನೆಯೆದ್ದಿತು. 79 ದಿನಗಳಲ್ಲಿ ಹಳೆಯದನ್ನು ಮರಳಿ ತರಬೇಕಾಯಿತು. ಯಾವುದು ರುಚಿ ಎಂಬ ಪ್ರಶ್ನೆಗೆ ಜನರು ಸುಳ್ಳು ಹೇಳಿರಲಿಲ್ಲ. ಹಳೆಯದರ ಮೇಲೆ ಅವರಿಗಿದ್ದ ಮಮತೆಯನ್ನು ಆ ಪ್ರಶ್ನೆಯು ಮುಟ್ಟಲಿಲ್ಲ, ಅಷ್ಟೆ.

ನಮ್ಮ ದೇಶದಲ್ಲಿ ಭಾರತೀಯ ರಿಸರ್ವ್ ಬ್ಯಾಂಕು 2005ರಿಂದ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ, ಬೆಲೆಗಳು ಮುಂದೆ ಎಷ್ಟು ಏರಿಯಾವೆಂದು ಗೃಹಸ್ಥರನ್ನು ಕೇಳುತ್ತ ಬಂದಿದೆ. ಬೆಲೆಯೇರಿಕೆಯ ನಿರೀಕ್ಷೆಯೇ ಬೆಲೆಯೇರಿಕೆಗೆ ಕಾರಣವಾಗಬಲ್ಲದು: ನೌಕರನು ಹೆಚ್ಚು ವೇತನ ಕೇಳುವನು, ವರ್ತಕನು ಮುಂಚಿತವಾಗಿಯೇ ದರವೇರಿಸುವನು. ಗೃಹಸ್ಥರು ಹೇಳುವ ಅಂಕಿಯು ಸರಕಾರಿ ಅಂಕಿಗಿಂತ ಸಾಮಾನ್ಯವಾಗಿ ಹೆಚ್ಚಾಗಿರುತ್ತದೆ. ಆದ್ದರಿಂದ ತಜ್ಞರು ಆ ಅಂಕಿಗಿಂತ ಅದರ ಏರಿಳಿತದ ದಿಕ್ಕನ್ನು ಗಮನಿಸುತ್ತಾರೆ. 2016ರಿಂದ ಆರು ಸದಸ್ಯರ ಸಮಿತಿಯೊಂದು ನೀತಿಬಡ್ಡಿಯ ದರವನ್ನು ನಿರ್ಧರಿಸುತ್ತಿದ್ದು, ಅದರ ಮುಂದಿರುವ ಸಾಮಗ್ರಿಗಳಲ್ಲಿ ಈ ಸಮೀಕ್ಷೆಯೂ ಒಂದು. ಮನೆಸಾಲದ ಕಂತು, ಠೇವಣಿಯ ಬಡ್ಡಿ ಎರಡಕ್ಕೂ ಆ ನಿರ್ಣಯದ ಬಿಸಿ ತಟ್ಟುತ್ತದೆ.

ಶಬ್ದಕ್ಕೆ ವಾಚ್ಯಾರ್ಥವಿರುವಂತೆ ಧ್ವನಿಯೂ ಉಂಟು. ಅಂಕಿಗೂ ಹಾಗೆಯೇ. ವಾಚ್ಯವನ್ನಷ್ಟೇ ಓದಿದವನು ಜನರ ಮಾತನ್ನು ಕೇಳಿದನು. ಧ್ವನಿಯನ್ನರಿತವನು ಜನರ ಮನಸ್ಸನ್ನು ಅರಿತನು. ಸಮೀಕ್ಷೆಯು ದೀಪವೇ ಹೊರತು ದಾರಿಯಲ್ಲ. ದೀಪವನ್ನು ಹಿಡಿದು ನಡೆಯುವ ವಿವೇಕವು ನಡೆಯುವವನದೇ ಆಗಿರಬೇಕು.